ವಿದ್ಯಾದಾನವೂ ಗ್ರಂಥಸ್ವಾಮ್ಯವೂ

ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತಳೆಂಬುದು ಕನ್ನಡಿಗರೆಲ್ಲರೂ ಬಲ್ಲ ಮಾತು. ಓಲೆಗರಿಯ ಕಾಲದಲ್ಲಿ ಪ್ರತಿ ಮಾಡುವುದು ಪುಣ್ಯಕಾರ್ಯ. ಪ್ರತಿಯಿಲ್ಲದಿದ್ದರೆ ಕಾವ್ಯವೇ ಅಳಿಯುತ್ತಿತ್ತು. ಅಚ್ಚಿನ ಯಂತ್ರವು ಬಂದು ಪ್ರತಿ ತೆಗೆಯುವುದು ಸುಲಭವಾದ ಮೇಲೆ, ಬರೆದವನ ಶ್ರಮಕ್ಕೆ ಫಲವೇನೆಂಬ ಪ್ರಶ್ನೆ ಎದ್ದಿತು. 1710ರಲ್ಲಿ ಇಂಗ್ಲೆಂಡಿನ ಶಾಸನವು ಕರ್ತೃವಿಗೆ ನಿಯತಕಾಲದ ಹಕ್ಕನ್ನು ಕೊಟ್ಟಿತು. ಸ್ವತಂತ್ರ ಭಾರತದ ಗ್ರಂಥಸ್ವಾಮ್ಯ ಶಾಸನವು 1957ರದು. 1958ರ ಜನವರಿ 21ರಂದು ಜಾರಿಗೆ ಬಂದಿತು. ಕರ್ತೃವಿನ ಮರಣಾನಂತರ 50 ವರ್ಷವಿದ್ದ ಅವಧಿಯನ್ನು 1992ರ ತಿದ್ದುಪಡಿಯು 60ಕ್ಕೇರಿಸಿತು. ಅದರಂತೆ, 1946ರಲ್ಲಿ ತೀರಿಕೊಂಡ ಬಿ. ಎಂ. ಶ್ರೀಯವರು ಬದುಕಿದ್ದಾಗ ಪ್ರಕಟಿಸಿದ ಕೃತಿಗಳು 2007ರಿಂದ ಸರ್ವರ ಸೊತ್ತು. 1981ರಲ್ಲಿ ಅಗಲಿದ ಬೇಂದ್ರೆಯವರ ಅಂಥ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಉಳಿಯುತ್ತದೆ.

ಹಾಗಾದರೆ ನಾರಾಯಣಪೇಟೆ, ಮಕ್ತಲ, ಗದ್ವಾಲಗಳಲ್ಲಿ ಕನ್ನಡ ಕಲಿಸುವ ನಾವು, ಪುಸ್ತಕ ಸಿಗದೆಡೆಯಲ್ಲಿ ಬೇಂದ್ರೆಯವರ ಕವನವೊಂದನ್ನು ಪ್ರತಿಮಾಡಿ ತರಗತಿಗೆ ಹಂಚಿದರೆ ಅಪರಾಧವಾಗುವುದೇ? ಆಗದು. ಪಾಠ ಹೇಳುವ ಕಾರ್ಯದಲ್ಲಿ ಅಧ್ಯಾಪಕನಾಗಲಿ ವಿದ್ಯಾರ್ಥಿಯಾಗಲಿ ಪ್ರತಿ ಮಾಡಿಕೊಳ್ಳಲು ಶಾಸನದ 52ನೆಯ ಕಲಮು ಎಡೆಗೊಟ್ಟಿದೆ.

ಈ ಕಲಮಿನ ಪರೀಕ್ಷೆ ದೆಹಲಿಯಲ್ಲಿ ನಡೆಯಿತು. ಅಲ್ಲಿನ ವಿಶ್ವವಿದ್ಯಾಲಯದ ಆವರಣದ ಝೆರಾಕ್ಸ್ ಅಂಗಡಿಯೊಂದು ಪಠ್ಯಕ್ರಮಕ್ಕೆ ಬೇಕಾದ ಅಧ್ಯಾಯಗಳನ್ನು ಒಟ್ಟುಗೂಡಿಸಿ ವಿದ್ಯಾರ್ಥಿಗಳಿಗೆ ಕೊಡುತ್ತಿತ್ತು. 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಮೊದಲಾದ ಪ್ರಕಾಶಕರು ದಾವೆ ಹೂಡಿದರು. 2016ರಲ್ಲಿ ದೆಹಲಿ ಉಚ್ಚ ನ್ಯಾಯಾಲಯವು, ಬೋಧನೆಯೆಂದರೆ ತರಗತಿಯ ಉಪನ್ಯಾಸ ಮಾತ್ರವಲ್ಲ, ಬೋಧನೆಗೆ ಅಗತ್ಯವಾದಷ್ಟು ಪ್ರತಿ ಮಾಡುವುದು ತಪ್ಪಲ್ಲ ಎಂದಿತು. 2017ರಲ್ಲಿ ಪ್ರಕಾಶಕರು ದಾವೆಯನ್ನು ಹಿಂತೆಗೆದುಕೊಂಡರು.

ಆದರೆ ಎಡೆಗೊಟ್ಟುದಕ್ಕೆ ಎಲ್ಲೆಯೂ ಉಂಟು. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪವಿತ್ತು ರಚಿಸಿದ ನೃತ್ಯರೂಪಕಗಳಲ್ಲೊಂದಾದ 'ಅಭಿಮನ್ಯು ವಧೆ'ಯನ್ನು, ಅವರು ತೀರಿಕೊಂಡ ಬಳಿಕ 2001ರಲ್ಲಿ, ಮಣಿಪಾಲದ ವಿದ್ಯಾಸಂಸ್ಥೆಯು ಅನುಮತಿಯಿಲ್ಲದೆ ದೆಹಲಿಯಲ್ಲಿ ಆಡಿಸಿತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು. ಹಕ್ಕು ಕಾರಂತರ ಮರಣಶಾಸನದಂತೆ ಪಡೆದವರದೇ ಎಂಬ ತೀರ್ಪು 2009ರಲ್ಲಿ ನಿಂತಿತು. ಜತೆಗೆ, ಶಾಸನವು ವಿದ್ಯಾಸಂಸ್ಥೆಗಳಿಗೆ ಕೊಟ್ಟ ವಿನಾಯಿತಿಯು ಆ ಸಂಸ್ಥೆಗೂ ಸಲ್ಲುವುದೆಂದು ನ್ಯಾಯಾಲಯವು ಸ್ಪಷ್ಟಪಡಿಸಿತು. ಅಧ್ಯಾಪಕರೂ ಮಕ್ಕಳೂ ಪಾಲಕರ ಮುಂದೆ ಶಾಲೆಯಲ್ಲಿ ನಾಟಕವಾಡುವುದು ಈ ವಿನಾಯಿತಿಗೆ ಸೇರಿದ್ದು. ಟಿಕೆಟ್ಟು ಮಾರಿ ಊರಿಗೆಲ್ಲ ಆಡಿ ತೋರಿಸುವುದು ಸೇರದು.

ಆದುದರಿಂದ ಗಡಿನಾಡಿನ ಉಪಾಧ್ಯಾಯರು ಅಂಜಿ ಕೈಕಟ್ಟಿ ಕುಳಿತುಕೊಳ್ಳಬೇಕಾದುದಿಲ್ಲ. ಪಾಠಕ್ಕೆ ಬೇಕಾದಷ್ಟನ್ನೇ ಪ್ರತಿಮಾಡೋಣ, ಕವಿಯ ಹೆಸರನ್ನು ಮೇಲೆ ಬರೆಯೋಣ, ಅದನ್ನು ಮಾರದಿರೋಣ. ಪುಸ್ತಕ ದೊರೆತಾಗ ಕೊಂಡು ಶಾಲೆಯ ಭಂಡಾರಕ್ಕೆ ಸೇರಿಸೋಣ. ಅತ್ತಿಮಬ್ಬೆಯ ದಾನದಿಂದ ಪೊನ್ನನ ಕಾವ್ಯ ಉಳಿಯಿತು. ಇಂದಿನ ಕವಿ ಬರೆಯುತ್ತಿರಬೇಕಾದರೆ ಅವನ ಹಕ್ಕೂ ಉಳಿಯಬೇಕು.