ಮೇಲಣ ಸೈಲೀಸಿಯದ ಒಡಂಬಡಿಕೆಯೂ ಯೆಹೂದ್ಯನ ವಿಜ್ಞಾಪನೆಯೂ

ಮೊದಲ ಮಹಾಯುದ್ಧದ ಬಳಿಕ ಅಲ್ಪಸಂಖ್ಯಾತ ಮತೀಯರ ರಕ್ಷಣೆಗೆ ರಾಷ್ಟ್ರಸಂಘವು ಹೊಣೆಯಾಯಿತಷ್ಟೆ. ಆದರೆ ದೂರು ಕೊಟ್ಟವನು ಅಲ್ಲಿ ವಾದಿಯೆನಿಸುತ್ತಿರಲಿಲ್ಲ. ವರ್ತಮಾನ ತಂದವನು ಮಾತ್ರ. ಮೇಲಣ ಸೈಲೀಸಿಯವನ್ನು ಹಂಚಿಕೊಂಡ ಜರ್ಮನಿ, ಪೋಲೆಂಡುಗಳು ೧೯೨೨ರಲ್ಲಿ ಜಿನೀವದಲ್ಲಿ ಮಾಡಿಕೊಂಡ ಒಡಂಬಡಿಕೆಯು ಇದಕ್ಕೆ ಅಪವಾದ. ಅದರ ೧೪೭ನೆಯ ವಿಧಿಯಂತೆ ಸಾಮಾನ್ಯ ಪ್ರಜೆಯೂ ಸಂಘದ ಕಾರ್ಯಮಂಡಲಿಗೆ ನೇರವಾಗಿ ಮೊರೆಯಿಡಬಹುದಾಗಿತ್ತು.

೧೯೩೩ರ ಮೇ ತಿಂಗಳಲ್ಲಿ ಕೆಲಸ ಕಳೆದುಕೊಂಡ ಫ್ರಾನ್ಜ್ ಬರ್ನ್‌ಹೈಮನೆಂಬ ಯೆಹೂದ್ಯನು ಈ ವಿಧಿಯನ್ನೇ ಆಶ್ರಯಿಸಿದನು. ಮತಕುಲಭೇದವೆಣಿಸೆವೆಂದು ಒಪ್ಪಿದ ಸರ್ಕಾರವು ಏಪ್ರಿಲಿನ ಕಾನೂನುಗಳಿಂದ ಯೆಹೂದ್ಯರನ್ನು ಉದ್ಯೋಗ, ವಕೀಲಿ, ವಿದ್ಯಾಶಾಲೆಗಳಿಂದ ಹೊರದೂಡಿತೆಂಬುದು ಅವನ ದೂರು. ತಪ್ಪು ನಡೆದಿದ್ದರೆ ಅದು ಕೆಳಗಣ ಅಧಿಕಾರಿಗಳ ಅಪಾರ್ಥದಿಂದಲೆಂದು ಬರ್ಲಿನ್ನಿನ ಪ್ರತಿನಿಧಿಯ ಸಮಾಧಾನ. ಯಾವ ಆಸ್ಥಾನಕ್ಕೂ ಹೊಸದಲ್ಲದ ಉತ್ತರವಿದು! ಆದರೂ ಆ ಕಾನೂನುಗಳು ಅಲ್ಲಿ ಸಲ್ಲವೆಂದು ಅದರಿಂದಲೇ ಒಪ್ಪಿದಂತಾಯಿತು. ಒಡಂಬಡಿಕೆಗೆ ವಿರುದ್ಧವೆಂಬ ವರದಿಯನ್ನು ಮಂಡಲಿಯು ಜೂನ್ ೬ರಂದು ಅಂಗೀಕರಿಸಿತು.

ಅಕ್ಟೋಬರಿನಲ್ಲಿ ಜರ್ಮನಿಯು ಸಂಘವನ್ನೇ ತ್ಯಜಿಸಿತು. ಒಡಂಬಡಿಕೆ ಮಾತ್ರ ನಿಂತಿತು. ೧೯೩೫ರ ನ್ಯೂರೆಂಬರ್ಗಿನ ಶಾಸನಗಳೂ ಅಲ್ಲಿ ಜಾರಿಯಾಗಲಿಲ್ಲ. ಇದನ್ನು ಸಂಘದ ಪ್ರಭಾವವೆಂದು ಹೊಗಳುವುದು ಅಷ್ಟು ಯುಕ್ತವಲ್ಲ. ಪೋಲೆಂಡಿನ ಪಾಲಿಗೆ ಬಂದ ಸೈಲೀಸಿಯದ ಜರ್ಮನರಿಗೂ ಅದೇ ಪತ್ರವು ರಕ್ಷೆಯಾಗಿದ್ದಿತು. ಅದನ್ನು ಹರಿದರೆ ತನ್ನವರಿಗೂ ಕೇಡು. ಪರೀಕ್ಷಕನ ಕಣ್ಣಿಗಿಂತ ಈ ಲೆಕ್ಕವೇ ಬಲವಾಗಿದ್ದಂತೆ ತೋರುತ್ತದೆ.

ಪತ್ರದ ಅವಧಿ ಹದಿನೈದು ವರ್ಷ. ೧೯೩೭ರ ಜುಲೈ ೧೫ರಂದು ಅದು ತೀರಿತು. ಉಳಿದ ಜರ್ಮನಿಯಲ್ಲಿ ನಾಲ್ಕು ವರ್ಷಗಳಲ್ಲಿ ಒಂದೊಂದಾಗಿ ಬಂದ ಕಾನೂನುಗಳು ಬಳಿಕ ಅಲ್ಲಿಯ ಯೆಹೂದ್ಯರ ಮೇಲೂ ಬಿದ್ದುವು.