ಮಕ್ಕಳ ತಲೆನೋವಿನಲ್ಲಿ ರೋಗನಿರೋಧಕ ವ್ಯವಸ್ಥೆಯ ಪಾಲು

ಪ್ರಾಥಮಿಕ ತಲೆನೋವು

ಗಡ್ಡೆ, ಸೋಂಕು, ಪೆಟ್ಟು ಇಂಥ ಬೇರೆ ಕಾರಣವಿಲ್ಲದೆ ತಾನೇ ಒಂದು ಕಾಯಿಲೆಯಾಗಿ ಮರುಕಳಿಸುವ ತಲೆನೋವು ಇದು. ಮಕ್ಕಳಲ್ಲಿ ಮುಖ್ಯವಾಗಿ ಕಾಣುವುದು ಮೈಗ್ರೇನ್ ಮತ್ತು ಒತ್ತಡದ ತಲೆನೋವು. ಮಕ್ಕಳ ಮೈಗ್ರೇನ್ ಹೆಚ್ಚಾಗಿ ಹಣೆಯ ಎರಡೂ ಬದಿಗೆ ಬರುತ್ತದೆ, ಕೆಲವೊಮ್ಮೆ ಎರಡೇ ಗಂಟೆಯಲ್ಲಿ ಇಳಿಯುತ್ತದೆ. ಸಂಜೆ ಆಡುತ್ತಿರುವ ಮಗುವನ್ನು ಕಂಡು ಬೆಳಗಿನ ನೋವು ಶಾಲೆ ತಪ್ಪಿಸುವ ನೆಪವೆಂದು ಬಗೆಯುವುದು ಅನ್ಯಾಯ.

ಮೈಗ್ರೇನ್ ಮನೆತನದಲ್ಲಿ ಹರಿದು ಬರುತ್ತದೆ. ಬೆಂಗಳೂರಿನ ನಗರ, ಗ್ರಾಮಾಂತರ ಪ್ರದೇಶಗಳಲ್ಲಿ ನಡೆದು 2015ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ವಯಸ್ಕರ ಪೈಕಿ ಶೇ. 25ರಷ್ಟು ಮಂದಿಗೆ ಅದು ಕಂಡುಬಂದಿತ್ತು.

ಸೋಂಕಿಲ್ಲದ ಉರಿಯೂತ

ಮಿದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ಟ್ರೈಜೆಮಿನಲ್ ನರದ ತುದಿಗಳು ಹರಡಿವೆ. ಮೈಗ್ರೇನ್ ಕೆರಳಿದಾಗ ಅವು ಸಿಜಿಆರ್‌ಪಿ ಎಂಬ ಪ್ರೋಟೀನ್ ತುಣುಕನ್ನು ಸ್ರವಿಸುತ್ತವೆ, ರಕ್ತನಾಳಗಳು ಹಿಗ್ಗುತ್ತವೆ. ಅಲ್ಲೇ ನೆಲೆಸಿರುವ ಮಾಸ್ಟ್ ಕೋಶಗಳು, ಅಂದರೆ ಅಲರ್ಜಿಯಲ್ಲಿ ತುರಿಕೆ, ಸೀನು ತರಿಸುವ ಅದೇ ರೋಗನಿರೋಧಕ ಕೋಶಗಳು, ಹಿಸ್ಟಮಿನ್ ಮತ್ತು ಉರಿಯೂತದ ಸಂಕೇತ ಹೊತ್ತೊಯ್ಯುವ ಸೈಟೋಕೈನ್‌ಗಳನ್ನು ಸುರಿಸಬಲ್ಲವು. ಸೋಂಕಿಲ್ಲದೆಯೇ ಹುಟ್ಟುವ ಈ ಉರಿಯೂತ ನರವನ್ನು ಮತ್ತಷ್ಟು ಕೆರಳಿಸಿದರೆ ನೋವು ಬಲಿಯುತ್ತದೆ. ಈ ನರಮಾರ್ಗ ಮತ್ತು ಸಿಜಿಆರ್‌ಪಿಯ ಪಾತ್ರವನ್ನು ಬಿಡಿಸಿದ ವಿಜ್ಞಾನಿಗಳಾದ ಮಾಸ್ಕೊವಿಟ್ಜ್, ಎಡ್ವಿನ್ಸನ್, ಗೋಡ್ಸ್‌ಬಿ, ಓಲೆಸೆನ್ ಅವರಿಗೆ 2021ರಲ್ಲಿ ಮಿದುಳು ಸಂಶೋಧನೆಯ ಬ್ರೇನ್ ಪ್ರೈಜ್ ಪ್ರಶಸ್ತಿ ಸಂದಿತು.

ಮೈಗ್ರೇನ್ ಇರುವ ಮಕ್ಕಳ ರಕ್ತದಲ್ಲಿ ಟಿಎನ್‌ಎಫ್-ಆಲ್ಫಾದಂಥ ಸೈಟೋಕೈನ್‌ಗಳ ಏರುಪೇರನ್ನು ಕೆಲವು ಅಧ್ಯಯನಗಳು ಗುರುತಿಸಿವೆ. ಆಸ್ತಮಾ, ಅಲರ್ಜಿಯ ನೆಗಡಿ ಕೂಡ ಇಂಥವರಲ್ಲಿ ತುಸು ಹೆಚ್ಚು. ಇದು ನಂಟು ಮಾತ್ರ; ಕಾರಣವೆಂದು ಸಾಬೀತಾಗಿಲ್ಲ. ಹಾಗಾಗಿ ‘ಇಮ್ಯುನಿಟಿ’ ಟಾನಿಕ್‌ಗೆ ಹಣ ಸುರಿಯಬೇಕಿಲ್ಲ. ಮೈಗ್ರೇನ್ ಪತ್ತೆಗೆ ರಕ್ತಪರೀಕ್ಷೆಯೂ ಇಲ್ಲ. ನೋವಿನ ವಿವರ ಕೇಳಿ, ಮಗುವನ್ನು ಪರೀಕ್ಷಿಸಿಯೇ ವೈದ್ಯರು ನಿರ್ಧರಿಸುತ್ತಾರೆ.

ಚೆನ್ನೈಯ ಮನೆಗಳಲ್ಲಿ

ಮೇ ತಿಂಗಳ ಸುಡುವ ‘ಕತ್ತಿರಿ’ ಬಿಸಿಲು, ತಿಂಡಿ ಬಿಟ್ಟು ಶಾಲಾ ವ್ಯಾನ್ ಹತ್ತುವುದು, ನಿದ್ದೆಗೆಡುವುದು ನೋವನ್ನು ಕೆರಳಿಸಬಲ್ಲವು. ಹೊತ್ತಿಗೆ ಊಟ, ನೀರು, ನಿದ್ದೆ ಸಿಗುವಂತೆ ನೋಡಿಕೊಳ್ಳುವುದೂ ಚಿಕಿತ್ಸೆಯ ಭಾಗವೇ. ಔಷಧವೊಂದೇ ಸಾಲದು: ಅಮೆರಿಕದಲ್ಲಿ 8ರಿಂದ 17 ವರ್ಷದವರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮೈಗ್ರೇನ್ ತಡೆಯಲು ಕೊಟ್ಟ ಎರಡು ಹೆಸರಾಂತ ಔಷಧಿಗಳು ಔಷಧವಿಲ್ಲದ ಹುಸಿ ಮಾತ್ರೆಗಿಂತ ಮೇಲೆನಿಸಲಿಲ್ಲ.

ಮಳೆಗಾಲದಲ್ಲಿ ಜ್ವರದೊಂದಿಗೆ ತಲೆನೋವು ಬಂದರೆ ಅದು ಡೆಂಗಿಯಾಗಿರಬಹುದು. ವೈದ್ಯರು ನೋಡುವ ಮುನ್ನ ಐಬುಪ್ರೊಫೇನ್, ಆಸ್ಪಿರಿನ್ ಕೊಡಬೇಡಿ. ನಿದ್ದೆಯಿಂದ ಎಬ್ಬಿಸುವ ನೋವು, ಬೆಳಗಿನ ವಾಂತಿ, ಕುತ್ತಿಗೆ ಬಿಗಿತ, ಫಿಟ್ಸ್, ದೃಷ್ಟಿ ಅಥವಾ ನಡಿಗೆಯಲ್ಲಿ ವ್ಯತ್ಯಾಸ ಕಂಡರೆ ತಡಮಾಡದೆ ಎಗ್ಮೋರಿನ ಸರ್ಕಾರಿ ಮಕ್ಕಳ ಆಸ್ಪತ್ರೆಗೋ ಹತ್ತಿರದ ಮಕ್ಕಳ ತಜ್ಞರ ಬಳಿಗೋ ಕರೆದೊಯ್ಯಿರಿ.