ಮದ್ಯ, ಗಾಂಜಾ ಮತ್ತು ಫಿಕ್‌ಹ್ ವಿದ್ವಾಂಸರ ಚರ್ಚೆ

ಗಾಂಜಾವನ್ನು ಕಾನೂನುಬದ್ಧಗೊಳಿಸಬೇಕೇ ಎಂಬ ಪ್ರಶ್ನೆ ಇಂದು ಜಗತ್ತಿನ ಹಲವೆಡೆ ಚರ್ಚೆಯಲ್ಲಿದೆ. 2013ರಲ್ಲಿ ಉರುಗ್ವೆ, 2018ರಲ್ಲಿ ಕೆನಡಾ, 2024ರಲ್ಲಿ ಜರ್ಮನಿ ತಮ್ಮದೇ ಆದ ನಿಬಂಧನೆಗಳೊಂದಿಗೆ ಅದಕ್ಕೆ ಅನುಮತಿ ನೀಡಿದವು. ಬೆಂಬಲಿಗರ ಮುಖ್ಯ ವಾದ ಸರಳವಾದುದು: ಹೆಚ್ಚು ಹಾನಿಕರವಾದ ಮದ್ಯಕ್ಕೆ ಅಂಗಡಿ ತೆರೆದಿರುವಾಗ ಗಾಂಜಾಕ್ಕೆ ಮಾತ್ರ ಸೆರೆಮನೆ ಏಕೆ? ಇನ್ನು ನಮ್ಮ ಯುವಕರಲ್ಲಿ ಕೆಲವರು, ಪವಿತ್ರ ಕುರ್‌ಆನ್ ನಿಷೇಧಿಸಿರುವುದು ‘ಖಮ್ರ್’ ಅನ್ನು, ಅದರಲ್ಲಿ ಗಾಂಜಾದ ಹೆಸರೇ ಇಲ್ಲ ಎನ್ನುತ್ತಾರೆ. ಈ ಎರಡೂ ವಾದಗಳು ಹೊಸತಲ್ಲ. ಏಳು ಶತಮಾನಗಳ ಹಿಂದೆಯೇ ಕೈರೋ ಮತ್ತು ದಮಾಸ್ಕಸ್‌ನ ವಿದ್ವಾಂಸರು ಅವುಗಳನ್ನು ಎದುರಿಸಿದ್ದರು.

ಹಶೀಶ್ ಎಂಬ ಹೆಸರಿನಲ್ಲಿ ಈ ಗಿಡದ ಸೇವನೆ ಮುಸ್ಲಿಮ್ ನಾಡುಗಳಲ್ಲಿ ವ್ಯಾಪಕವಾದುದು ಹಿಜರಿ ಆರನೆಯ ಶತಮಾನದ ಕೊನೆ ಮತ್ತು ಏಳನೆಯ ಶತಮಾನದ ಆರಂಭದಲ್ಲಿ. ಆದ್ದರಿಂದ ನಾಲ್ವರು ಮಹಾ ಇಮಾಮರು ಅದರ ಬಗ್ಗೆ ತೀರ್ಪು ನೀಡುವ ಪ್ರಸಂಗವೇ ಒದಗಿರಲಿಲ್ಲ. ಆದರೆ ಮಾನದಂಡವು ಮೊದಲೇ ಇತ್ತು. ಮತ್ತು ಬರಿಸುವುದೆಲ್ಲವೂ ನಿಷಿದ್ಧವೆಂದು ಪ್ರವಾದಿ(ಸ) ಕಲಿಸಿದ್ದರು. ಬುದ್ಧಿಯನ್ನು ಮುಸುಕುವುದೇ ಖಮ್ರ್ ಎಂದು ಹಝ್ರತ್ ಉಮರ್(ರ) ಮಿಂಬರಿನ ಮೇಲಿಂದ ವಿವರಿಸಿದ್ದರು. ಅಂದರೆ ನಿಷೇಧವು ದ್ರಾಕ್ಷಿಯ ಮೇಲಲ್ಲ, ಬುದ್ಧಿಗೆ ಒದಗುವ ಕೇಡಿನ ಮೇಲೆ.

ಈಜಿಪ್ಟಿನ ಮಾಲಿಕೀ ವಿದ್ವಾಂಸ ಇಮಾಮ್ ಖರಾಫಿ (ನಿಧನ ಕ್ರಿ.ಶ. 1285) ಇಂದಿನ ವಾದವನ್ನು ಆಗಲೇ ಗಮನಿಸಿದ್ದರು. ಮದ್ಯಪಾನಿಗಳು ಆಯುಧ ಹಿಡಿದು ಪರಸ್ಪರ ಮೇಲೆರಗುತ್ತಾರೆ, ಹಶೀಶ್ ಸೇವಿಸುವವರಲ್ಲಿ ಅಂತಹ ಕಲಹ ಕಾಣುವುದಿಲ್ಲ ಎಂದು ಅವರು ಬರೆದರು. ಹಾಗಾಗಿ ಅದನ್ನು ‘ಮತ್ತು ಬರಿಸುವುದು’ ಎನ್ನದೆ ‘ಬುದ್ಧಿಗೆಡಿಸುವುದು’ ಎಂದು ವರ್ಗೀಕರಿಸಿದರು. ಆದರೂ ಅದಕ್ಕೆ ಅನುಮತಿ ನೀಡಲಿಲ್ಲ. ಬುದ್ಧಿಗೆಡಿಸುವಷ್ಟು ಸೇವಿಸುವುದು ನಿಷಿದ್ಧವೇ. ಆದರೆ ಮದ್ಯಕ್ಕಿರುವ ನಿಗದಿತ ಶಿಕ್ಷೆಯಾದ ‘ಹದ್ದ್’ ಇದಕ್ಕೆ ಅನ್ವಯಿಸದು, ನ್ಯಾಯಾಧೀಶನ ವಿವೇಚನೆಯ ‘ತಅ್‌ಝೀರ್’ ಸಾಕು ಎಂದರು. ದಮಾಸ್ಕಸ್‌ನ ಇಮಾಮ್ ಇಬ್ನ್ ತೈಮಿಯ್ಯ (1263–1328) ಇದನ್ನು ಒಪ್ಪಲಿಲ್ಲ. ಹಶೀಶ್ ಕೂಡ ಮತ್ತು ಬರಿಸುವುದೇ, ಶಿಕ್ಷೆಯೂ ಮದ್ಯದ್ದೇ ಎಂಬುದು ಅವರ ನಿಲುವು. ಮುಂದೆ ಕೈರೋದ ಶಾಫಿಈ ವಿದ್ವಾಂಸ ಇಮಾಮ್ ಝರ್ಕಶಿ (ನಿಧನ 1392) ಹಶೀಶ್‌ನ ನಿಷೇಧವನ್ನು ಕುರಿತೇ ‘ಝಹ್ರುಲ್ ಅರೀಶ್’ ಎಂಬ ಪ್ರತ್ಯೇಕ ಕೃತಿ ರಚಿಸಿದರು. ಇದೇ ಸಂದರ್ಭದಲ್ಲಿ, ಅಂಗಚ್ಛೇದನದಂತಹ ಚಿಕಿತ್ಸೆಗೆ ಅರಿವಳಿಕೆಯನ್ನು ಶಾಫಿಈ ವಿದ್ವಾಂಸರು ಅನುಮತಿಸಿದ್ದರೆಂಬುದನ್ನು ಮರೆಯಬಾರದು. ಔಷಧ ಬೇರೆ, ಅಮಲು ಬೇರೆ.

ಭಾರತದಲ್ಲಿಯೂ ಈ ವಿಚಾರಣೆ ನಡೆದಿದೆ. 1893–94ರಲ್ಲಿ ಬ್ರಿಟಿಷ್ ಸರಕಾರ ನೇಮಿಸಿದ ಆಯೋಗವು ಮಿತ ಸೇವನೆಯಿಂದ ಹೆಚ್ಚಿನ ಕೇಡಿಲ್ಲ, ಅತಿ ಸೇವನೆ ಹಾನಿಕರ ಎಂದು ಹೇಳಿ, ನಿಷೇಧದ ಬದಲು ತೆರಿಗೆ ಮತ್ತು ನಿಯಂತ್ರಣವನ್ನು ಸೂಚಿಸಿತು. ಸ್ವತಂತ್ರ ಭಾರತದ ಸಂವಿಧಾನದ 47ನೆಯ ವಿಧಿ ಮಾದಕ ಪಾನೀಯ ಮತ್ತು ಮಾದಕ ದ್ರವ್ಯಗಳೆರಡನ್ನೂ ಒಂದೇ ವಾಕ್ಯದಲ್ಲಿ ಸೇರಿಸಿ, ಔಷಧೋಪಯೋಗದ ಹೊರತು ನಿಷೇಧಿಸಲು ಶ್ರಮಿಸಬೇಕೆಂದಿತು. ಆದರೆ 1985ರ ಕಾನೂನು ಗಾಂಜಾವನ್ನು ಅಪರಾಧವಾಗಿಸಿತು, ಮದ್ಯ ಮಾತ್ರ ಹೆಚ್ಚಿನ ರಾಜ್ಯಗಳ ಬೊಕ್ಕಸಕ್ಕೆ ಆದಾಯವಾಗಿ ಉಳಿಯಿತು. ಕರ್ನಾಟಕವು 2007ರಲ್ಲಿ ಸಾರಾಯಿಯನ್ನು ನಿಷೇಧಿಸಿತು, ಇತರ ಮದ್ಯದ ಮಾರಾಟ ನಿಲ್ಲಲಿಲ್ಲ.

ಆದುದರಿಂದ ಕಾನೂನಿನಲ್ಲಿ ಅಸಮಾನತೆ ಇದೆ ಎಂಬ ಆಕ್ಷೇಪ ಸತ್ಯ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2019ರಲ್ಲಿ ಮದ್ಯದಿಂದ ಸತ್ತವರು ಸುಮಾರು 26 ಲಕ್ಷ. ಆದರೆ ಈ ಸತ್ಯದಿಂದ ಹೊರಡುವ ತೀರ್ಮಾನ ಯಾವುದು? ಒಂದು ಬಾಗಿಲು ತೆರೆದಿರುವುದರಿಂದ ಇನ್ನೊಂದನ್ನೂ ತೆರೆಯಿರಿ ಎಂಬುದೇ, ಅಥವಾ ತೆರೆದಿರುವುದನ್ನೂ ಮುಚ್ಚಿರಿ ಎಂಬುದೇ? ಕಡಿಮೆ ಕೇಡು ಎಂಬುದು ಒಳಿತಿನ ಪ್ರಮಾಣಪತ್ರವಲ್ಲ.

ಇಮಾಮ್ ಖರಾಫಿಯವರ ಚರ್ಚೆಯಿಂದ ಕಲಿಯಬೇಕಾದ ಇನ್ನೊಂದು ಪಾಠವಿದೆ. ‘ಇದು ನಿಷಿದ್ಧವೇ’ ಎಂಬ ಪ್ರಶ್ನೆ ಬೇರೆ, ‘ಇದಕ್ಕೆ ಶಿಕ್ಷೆ ಎಷ್ಟು’ ಎಂಬ ಪ್ರಶ್ನೆ ಬೇರೆ. ಚಟಕ್ಕೆ ಬಿದ್ದ ಹುಡುಗನನ್ನು ಮಾರಾಟಗಾರನಂತೆ ಕಾಣುವುದು ನ್ಯಾಯವಲ್ಲ. ಸ್ವಇಚ್ಛೆಯಿಂದ ಚಿಕಿತ್ಸೆ ಪಡೆಯಲು ಮುಂದೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ನೀಡುವ ಅವಕಾಶವು 1985ರ ಕಾನೂನಿನ 64ಎ ವಿಧಿಯಲ್ಲಿಯೇ ಇದೆ. ನಮ್ಮ ಮೊಹಲ್ಲಾಗಳಲ್ಲಿ ಮರ್ಯಾದೆಗೆ ಅಂಜಿ ಮಕ್ಕಳ ವ್ಯಸನವನ್ನು ಮುಚ್ಚಿಡುವ ಹೆತ್ತವರು ಇದನ್ನು ತಿಳಿದಿರಲಿ. ನಿಷಿದ್ಧವನ್ನು ನಿಷಿದ್ಧವೆಂದೇ ಹೇಳೋಣ, ಬಿದ್ದವನ ಕೈಯನ್ನೂ ಹಿಡಿಯೋಣ. ಬುದ್ಧಿಯೆಂಬ ಅಮಾನತ್ತನ್ನು ಕಾಪಾಡಿಕೊಳ್ಳಲು ಅಲ್ಲಾಹನು ನಮ್ಮೆಲ್ಲರನ್ನೂ ಅನುಗ್ರಹಿಸಲಿ. ಆಮೀನ್.